ಮಾಡುವುದೇನೂ ಇಲ್ಲದ ಮಗು

ಎಪ್ಪತ್ತರ ದಶಕದ ಮೊದಲಲ್ಲಿ ನನ್ನ ಚೊಚ್ಚಲ ಮಗು ಮುಂಬಯಿಯ ಬೈಕುಲ್ಲಾ ಕಡೆಯ ಒಂದು ಆಸ್ಪತ್ರೆಯಲ್ಲಿ ಹುಟ್ಟಿತು. ಹೆಣ್ಣು. ಬೆನ್ನಿನ ಕೆಳಭಾಗದಲ್ಲಿ ಚರ್ಮ ಕೂಡಿಕೊಂಡಿರಲಿಲ್ಲ, ತಲೆಯಲ್ಲಿ ನೀರು ತುಂಬುತ್ತಿತ್ತು, ಹೃದಯದಲ್ಲೂ ತೂತು. ಇಬ್ಬರು ಸರ್ಜನ್ನರು ನೋಡಿದರು. ಧಾರವಾಡ ಕಡೆಯ ಕಿರಿಯರು ಆಪರೇಷನ್ ಆಗಲೇಬೇಕು ಎಂದರು, ಹಿರಿಯರು ಬೇಡವೆಂದರು. ಅಷ್ಟು ಓದಿದ ಇಬ್ಬರಿಗೆ ಬಗೆಹರಿಯದ್ದನ್ನು, ನೀವೇ ತೀರ್ಮಾನಿಸಿ ಎಂದು ಬ್ಯಾಂಕ್ ಗುಮಾಸ್ತರಾದ ನನ್ನ ಗಂಡನಿಗೆ ಬಿಟ್ಟರು.

ನಮ್ಮವರು ಅಣ್ಣನನ್ನು ಕೇಳದೆ ಕೊಡೆಯನ್ನೂ ಕೊಂಡವರಲ್ಲ. ಮಾಟುಂಗದ ನಮ್ಮ ಮನೆಯಲ್ಲಿ ಸಭೆ ಸೇರಿತು. ಭಾವನವರು, ಎದುರು ಬಿಲ್ಡಿಂಗಿನ ವಕೀಲರು, ಹೋಮಿಯೋಪತಿ ಪುಸ್ತಕ ಓದಿಕೊಂಡಿದ್ದ ಅವರ ಷಡ್ಡಕ, ಎಲ್ಲರೂ ಕಾಫಿ ಕುಡಿದು ನಿರ್ಧಾರವನ್ನು ಮರುದಿನಕ್ಕೆ ಮುಂದೂಡಿದರಂತೆ. ಅವರಲ್ಲಿ ಯಾರೂ ಮಗುವನ್ನು ನೋಡಿರಲಿಲ್ಲ. ಸಭೆಯ ವರದಿ ಇಡ್ಲಿ ಡಬ್ಬಿಯ ಜೊತೆ ನನ್ನ ವಾರ್ಡಿಗೆ ಬಂತು.

ನಾನೇ ಹಿರಿಯ ಸರ್ಜನ್ನರನ್ನು ನನ್ನ ಹರುಕು ಹಿಂದಿಯಲ್ಲಿ ಕೇಳಿದೆ. ಕೊಯ್ದರೆ ಟೇಬಲ್ಲಿನ ಮೇಲೇ ಹೋಗಬಹುದು ಎಂದರು. ಕೊಯ್ಯದಿದ್ದರೆ ಕೆಲವು ದಿನ, ಇಲ್ಲವೇ ಕೆಲವು ವಾರ. ಆಗ ಮಾಡುವುದೇನೂ ಇಲ್ಲ.

"ಘರ್ ಲೇ ಜಾತೀ ಹೂಂ," ಎಂದೆ. ಮನೆಗೇ ಒಯ್ಯುತ್ತೇನೆ.

ಮಾಡುವುದೇನೂ ಇಲ್ಲ ಎಂದವರು ಸ್ಟೂಲು ಎಳೆದುಕೊಂಡು ಕೂತು, ಮಾಡಬೇಕಾದ್ದನ್ನು ಬಹಳ ಹೊತ್ತು ಕಲಿಸಿದರು. ಬೆನ್ನಿನ ಗಾಯಕ್ಕೆ ಕುದಿಸಿದ ಒದ್ದೆ ಬಟ್ಟೆ ಮುಚ್ಚಬೇಕು, ಮಗುಚಿ ಮಲಗಿಸಬೇಕು, ಹಾಲನ್ನು ಫಿಲ್ಲರಿನಿಂದ ತೊಟ್ಟು ತೊಟ್ಟಾಗಿ ಹಾಕಬೇಕು. ಅಳು ನಿಲ್ಲದಿದ್ದರೆ ನೋವಿಗೆಂದು ಒಂದು ಸಣ್ಣ ಶೀಸೆ ಔಷಧಿ ಕೊಟ್ಟರು. ಮಗುವನ್ನು ಮನೆಗೆ ತಂದ ಮೇಲೆ ಆ ದಿನಗಳಲ್ಲಿ ನನಗೆ ತಲೆ ಬಾಚಿಕೊಳ್ಳಲೂ ಪುರುಸೊತ್ತಿರಲಿಲ್ಲ.

ಒಂದು ಭಾನುವಾರ ಕಿರಿಯ ಸರ್ಜನ್ನರು ಲೋಕಲ್ ರೈಲು ಹಿಡಿದು ನಮ್ಮ ಮನೆಗೇ ಬಂದುಬಿಟ್ಟರು. ವಾದಕ್ಕೆ ಬಂದರೆಂದು ನಮ್ಮವರು ಹೆದರಿದರು.

"ಹಿಂಗ ಈ ಕಡೆ ಕೆಲಸ ಇತ್ರಿ," ಎಂದರು. ಕೆಲಸವೇನೂ ಇದ್ದಂತಿರಲಿಲ್ಲ. ಬೆನ್ನಿನ ಬಟ್ಟೆ ಬದಲಾಯಿಸಿ ಮಗುವನ್ನು ಹೆಗಲಿಗೆ ಹಾಕಿಕೊಂಡರು. ಅದು ಅಲ್ಲೇ ನಿದ್ದೆ ಹೋಯಿತು. ಕೆಳಗಿಳಿಸಲು ಧೈರ್ಯವಾಗದೆ ಒಂದೇ ಕೈಯಲ್ಲಿ, ಆರಿದ ಕಾಫಿ ಕುಡಿದರು.

"ಆಪರೇಷನ್ ಮಾಡಿಸಿದ್ರೆ ಉಳೀತಿತ್ತಾ, ಡಾಕ್ಟ್ರೇ?" ನಮ್ಮವರು ಕೇಳಿದರು.

"ಗೊತ್ತಿಲ್ರೀ. ಅವತ್ತೂ ಗೊತ್ತಿರ್ಲಿಲ್ಲ."

ಮುಂದಿನ ವಾರ ಒಂದು ಸಂಜೆ, ಹಾಲಿನ ಎರಡು ಹನಿ ನುಂಗಿ ಮಗು ನನ್ನ ತೊಡೆಯ ಮೇಲೆ ಉಸಿರು ನಿಲ್ಲಿಸಿತು. ಅದು ಅತ್ತಿರಲಿಲ್ಲ. ಯಾರನ್ನೂ ಕರೆಯದೆ ಹಾಗೇ ಕೂತಿದ್ದೆ. ನಮ್ಮವರು ಬ್ಯಾಂಕಿನಿಂದ ಬಂದರು.

"ಮಲಗಿದಾಳಾ?" ಎಂದು ಪಿಸುದನಿಯಲ್ಲಿ ಕೇಳಿದರು.

"ಹೂಂ," ಎಂದೆ. ದಿನವೂ ಬಂದೊಡನೆ ಅವಳನ್ನು ಎತ್ತಿಕೊಳ್ಳುವವರು. ಕೈಕಾಲು ತೊಳೆದು ಬಂದು ಎತ್ತಿಕೊಳ್ಳಲಿ, ಆಮೇಲೆ ಹೇಳೋಣ ಎಂದು ಕಾದೆ.