ಔಷಧಿ ಮುನಿಯಬಾರದೆಂದು

ಇಳಕಲ್ ಸೀರೆಯ ಮೇಲೆ ಕಂಪನಿ ಕೊಟ್ಟ ನೀಲಿ ಕೋಟು, ಕೋಟಿನ ಮೇಲೆ ಮತ್ತೆ ಸೆರಗು, ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಆ ವಿಭೂತಿಯನ್ನು ಕೊರೆದುಕೊಂಡು ಇಳಿದ ಬೆವರು. ಪೀಣ್ಯದ ಆ ಶೆಡ್ಡಿನಲ್ಲಿ ಅಕ್ಕನನ್ನು ನಾನು ಮೊದಲು ಕಂಡದ್ದು ಹೀಗೆ. ಪ್ರೆಸ್ ಮೆಷಿನ್ನಿನ ಮುಂದೆ ಕೂತವಳು ಕೆಲಸದವಳೋ, ಮದುವೆಮನೆಯಿಂದ ನೇರವಾಗಿ ಬಂದ ನೆಂಟಳೋ ಎಂದು ಅನುಮಾನ ಬರುವಂತಿದ್ದಳು. "ಸೆರಗು ತೆಗಿಯಮ್ಮ, ಮೆಷಿನ್‌ಗೆ ಸಿಕ್ಕಾಕ್ಕೊಳ್ಳುತ್ತೆ" ಎಂದು ಸೂಪರ್‌ವೈಸರ್ ದಿನವೂ ಗೊಣಗುತ್ತಿದ್ದ. ಅಕ್ಕ ದಿನವೂ ಸೆರಗು ತೆಗೆದು ಸೊಂಟಕ್ಕೆ ಸಿಕ್ಕಿಸುತ್ತಿದ್ದಳು. ಅವನು ಬೆನ್ನು ತಿರುಗಿಸಿದ ಕೂಡಲೇ ಅದು ಮತ್ತೆ ತಲೆಯ ಮೇಲಿರುತ್ತಿತ್ತು.

ನಮ್ಮದು ಸ್ವಿಚ್ಚಿನೊಳಗಿನ ಹಿತ್ತಾಳೆಯ ಬಿಡಿಭಾಗ ಮಾಡುವ ಕಾರ್ಖಾನೆ. ಅಕ್ಕ ಪ್ರೆಸ್ಸಿನಲ್ಲಿ, ನಾನು ಮಾಲು ಪರೀಕ್ಷಿಸುವ ಟೇಬಲ್ಲಿನಲ್ಲಿ. ತಿಪಟೂರು ಕಡೆಯಿಂದ ಬಂದ ಹೊಸತರಲ್ಲಿ ದೂರದ ನೆಂಟರ ಮನೆಯಲ್ಲಿದ್ದೆ. ಅಲ್ಲಿ ಅನ್ನದ ಜೊತೆ ಮಾತನ್ನೂ ಬಡಿಸುತ್ತಿದ್ದರು. ಒಂದು ದಿನ ನಲ್ಲಿಯ ಹತ್ತಿರ ನಿಂತು ಅಳುತ್ತಿದ್ದಾಗ ಅಕ್ಕ ಬಂದಳು.

"ಅತ್ರ ಹೊಟ್ಟಿ ತುಂಬತೈತೇನು? ನಿನ್ನ ಗಂಟುಮೂಟಿ ತಗೊಂಡು ನನ್ನ ಖೋಲಿಗೆ ಬಾ" ಎಂದಳು. ನನ್ನ ಜಾತಿ ಕೇಳಲಿಲ್ಲ, ಅಡಿಗೆ ಬರುತ್ತದೆಯೇ ಎಂದೂ ಕೇಳಲಿಲ್ಲ. ಕೇಳಿದ್ದರೆ ಎರಡನೆಯದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಲಗ್ಗೆರೆಯ ಒಂದು ವಠಾರದಲ್ಲಿ ಶೀಟಿನ ಮಾಡಿನ ಆ ಒಂದೇ ಕೋಣೆಯಲ್ಲಿ ನಾನು ಅವಳ ರೊಟ್ಟಿ ತಿಂದು ಬೆಳೆದೆ ಎಂದರೆ ತಪ್ಪಲ್ಲ. ಮುದ್ದೆಯನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. "ಅಗಿಯೂದಿಲ್ಲ, ಕಡಿಯೂದಿಲ್ಲ, ಗುಳಿಗಿ ನುಂಗಿದಂಗ ನುಂಗ್ತೀರಿ. ಅದು ಊಟ ಅಲ್ಲ, ಶಿಕ್ಷಾ" ಎಂದು ಕಾಡಿಸುತ್ತಿದ್ದಳು. ನಾನು ಮೂರು ಹೊತ್ತೂ ಮುದ್ದೆಯ ಪರ ವಹಿಸಿ ಜಗಳವಾಡಿ, ಕೊನೆಗೆ ಅವಳ ರೊಟ್ಟಿಯನ್ನೇ ಎರಡು ಹೆಚ್ಚು ತಿನ್ನುತ್ತಿದ್ದೆ.

ಅವಳ ಊರು ಬಾದಾಮಿಯ ಕಡೆ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ಅಕ್ಕ ತಮ್ಮನ ಮನೆ ಸೇರಿದ್ದಳು. ತಮ್ಮ ಕೆಟ್ಟವನಲ್ಲ, ಬಾಯಿಲ್ಲದವನು. ಅವನ ಹೆಂಡತಿಗೆ ಅವನ ಪಾಲಿನ ಬಾಯಿಯೂ ಸೇರಿ ಎರಡಿತ್ತು. ಐದಾರು ವರ್ಷ ಸಹಿಸಿ, ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೊರಟಿದ್ದ ಊರಿನವರ ಜೊತೆ ಲಾರಿ ಹತ್ತಿದ್ದಳು. ಮೊದಲು ಮಣ್ಣು ಹೊತ್ತಳು, ಆಮೇಲೆ ಪ್ರೆಸ್ಸಿಗೆ ಬಂದಳು. ಸಂಜೆ ಕೋಣೆಯ ಬೀಗ ತೆಗೆಯುವಾಗ ಅವಳ ಮುಖದಲ್ಲಿ ಒಂದು ಗತ್ತು ಬರುತ್ತಿತ್ತು. "ಇದು ನನ್ನ ಕೀಲಿ ನೋಡವ್ವಾ. ನಾ ತೆಗದ್ರ ತೆಗೀತೈತಿ, ಇಲ್ಲಂದ್ರ ಇಲ್ಲ. ಸತ್ರೂ ಇಲ್ಲೇ ಸಾಯ್ತೇನಿ, ತಮ್ಮನ ಬಾಗಲಾಗ ಮತ್ತ ನಿಲ್ಲೂದಿಲ್ಲ" ಎನ್ನುತ್ತಿದ್ದಳು.

ನನಗೆ ಮಾತು ಕಲಿಸಿದವಳೂ ಅವಳೇ. ಸೂಪರ್‌ವೈಸರ್ ಬೈದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದ ನನಗೆ, "ಬಾಯಿದ್ದಾಕಿ ಬರಗಾಲದಾಗೂ ಬದುಕತಾಳ. ತಪ್ಪು ನಿಂದಲ್ಲಂದ್ರ ಅಲ್ಲ ಅನ್ನು" ಎಂದು ಬೆನ್ನಿಗೆ ಗುದ್ದುತ್ತಿದ್ದಳು. ಈಗ ನನ್ನನ್ನು ಬಾಯಿಬಡುಕಿ ಎನ್ನುವವರಿಗೆ ಅದರ ಪುಣ್ಯ ಯಾರಿಗೆ ಸೇರಬೇಕೆಂದು ತಿಳಿದಿರಲಿ.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಪ್ರೆಸ್ಸಿನ ಅಚ್ಚು ಬದಲಾಯಿಸುವಾಗ ಆ ಕಬ್ಬಿಣದ ದಿಮ್ಮಿ ಜಾರಿ ಅಕ್ಕನ ಬಲಗೈಯ ಮಣಿಕಟ್ಟಿನ ಮೇಲೆ ಬಿತ್ತು. ಅವಳು ಕಿರುಚಲಿಲ್ಲ, "ಅಯ್ಯ ಶಿವನ" ಎಂದಷ್ಟೇ ಅಂದಳು. ನಮ್ಮ ಸಂಬಳದಲ್ಲಿ ತಿಂಗಳು ತಿಂಗಳು ಹಿಡಿಯುತ್ತಿದ್ದ ಕಾರ್ಮಿಕರ ವಿಮೆಯ ಆಸ್ಪತ್ರೆಗೆ ಕಂಪನಿಯ ಟೆಂಪೋದಲ್ಲಿ ಕರೆದೊಯ್ದೆವು. ಎಕ್ಸ್‌ರೇ ತೆಗೆದರು, ಪಟ್ಟಿ ಹಾಕಿದರು. ಮೂಳೆ ಚೂರಾಗಿದೆ, ಆಪರೇಷನ್ ಮಾಡಿ ಪ್ಲೇಟ್ ಹಾಕಬೇಕು ಎಂದರು. ಕೈ ಮೊದಲಿನಂತೆ ಆಗುತ್ತದೆಯೇ ಎಂದು ಅಕ್ಕ ಕೇಳಿದಳು. ಆ ಡಾಕ್ಟರು ಪ್ರಾಮಾಣಿಕ ಮನುಷ್ಯ. "ಪೂರ್ತಿ ಬರುತ್ತೆ ಅಂತ ಹೇಳಕ್ಕಾಗಲ್ಲಮ್ಮ, ನೋಡೋಣ" ಎಂದರು.

ಆ ಒಂದು ಮಾತು ಅವಳನ್ನು ಆಸ್ಪತ್ರೆಯಿಂದ ಎಬ್ಬಿಸಿತು. ವಠಾರದಲ್ಲಂತೂ ಆಳಿಗೊಂದು ಕಥೆ. ಒಬ್ಬಳ ಭಾವನ ಕಾಲು, ಇನ್ನೊಬ್ಬಳ ಮಗನ ತೋಳು, ಎಲ್ಲವೂ ಮಾಗಡಿ ರಸ್ತೆಯಾಚೆಯ ಹಳ್ಳಿಯಲ್ಲಿ ಮೂಳೆಗೆ ಕಟ್ಟು ಕಟ್ಟುವ ಅಜ್ಜನ ಕೈಯಲ್ಲಿ ನೆಟ್ಟಗಾಗಿದ್ದವು. "ಅಲ್ಲಿ ಡಾಕ್ಟರು ಹೇಳಾಕ ಆಗೂದಿಲ್ಲ ಅಂತಾರ, ಇಲ್ಲಿ ಅಜ್ಜ ಬರತೈತಿ ಅಂತಾನ. ನೀ ಆಗಿದ್ರ ಎಲ್ಲಿ ಹೋಗ್ತಿದ್ದಿ ಹೇಳು?" ಎಂದು ಅಕ್ಕ ಕೇಳಿದಳು. ನಾನಾಗಿದ್ದರೂ ಅಜ್ಜನ ಕಡೆಗೇ ಹೋಗುತ್ತಿದ್ದೆ.

ಭಾನುವಾರ ಬೆಳಿಗ್ಗೆ ಅಲ್ಲಿ ಹೊಂಗೆಮರದ ಕೆಳಗೆ ಜಾತ್ರೆ. ಮೋಪೆಡ್ಡಿನಿಂದ ಬಿದ್ದವರು, ಕಟ್ಟಡದ ಸಾರುವೆಯಿಂದ ಜಾರಿದವರು, ನಮ್ಮಂಥ ಕಾರ್ಖಾನೆಯವರು. ಅಜ್ಜ ಆಸ್ಪತ್ರೆಯ ಪಟ್ಟಿಯನ್ನು ಬಿಚ್ಚಿಸಿ ಎಸೆದು, ಸೊಪ್ಪಿನ ರಸ, ಮೊಟ್ಟೆಯ ಬಿಳಿ ಸವರಿ, ಬಿದಿರಿನ ದಬ್ಬೆಯಿಟ್ಟು ಬಿಗಿಯಾಗಿ ಕಟ್ಟಿದ. ವೀಳ್ಯದೆಲೆಯ ಮೇಲೆ ಇಟ್ಟಷ್ಟನ್ನು ಮಾತ್ರ ತೆಗೆದುಕೊಂಡ. ಬದನೆಕಾಯಿ ತಿನ್ನಬೇಡ, ಹೊರಡುವಾಗ ಹೋಗಿಬರ್ತೀನಿ ಎನ್ನಬೇಡ ಎಂದ. ಎದ್ದು ಹೊರಟವಳನ್ನು ಮತ್ತೆ ಕರೆದು ಕೂರಿಸಿ ಹೇಳಿದ:

"ಯಾರೇ ಕೇಳ್ಲಿ, ವಾಸಿ ಆಯ್ತಾ ಐತೆ ಅನ್ನವ್ವ. ಆಗ್ನಿಲ್ಲ ಅಂತ ಬಾಯಲ್ಲಿ ಅಂದ್ಯೋ, ಔಸ್ತಿ ಮುನಿಸ್ಕತದೆ. ಎಣ್ಣೆ ನೀವೋದು ಮುಗಿಯೋಗಂಟ ಇದು ನೆಪ್ಪಿರ್ಲಿ."

ಬಸ್ಸಿನಲ್ಲಿ ನಾನು ಇದನ್ನೇ ಹೇಳಿಕೊಂಡು ನಕ್ಕೆ. ಔಷಧಿಗೂ ಮೂಗಿನ ತುದಿಯಲ್ಲೇ ಕೋಪವಂತೆ! ಅಕ್ಕ ನಗಲಿಲ್ಲ. "ನಗಬ್ಯಾಡ. ನಮ್ಮೂರಾಗೂ ಹಂಗಽ ಅಂತಾರ" ಎಂದಳು.

ಕಟ್ಟುಗಳೆಲ್ಲ ಬಿಚ್ಚಿದ ಮೇಲೆ ಮೂಳೆಯೇನೋ ಕೂಡಿತ್ತು. ಆದರೆ ಬೆರಳುಗಳು ಒಳಕ್ಕೆ ಮಡಚಿಕೊಂಡು ಹಾಗೇ ನಿಂತುಬಿಟ್ಟವು. ಮಣಿಕಟ್ಟು ಅತ್ತಿತ್ತ ತಿರುಗಲಿಲ್ಲ. ಇನ್ನು ಎಣ್ಣೆ ನೀವಬೇಕು, ವರ್ಷ ಹಿಡಿಯುತ್ತದೆ ಎಂದ ಅಜ್ಜ. ಅಕ್ಕ ಬೆಳಿಗ್ಗೆ ಸಂಜೆ ಎಡಗೈಯಿಂದ ಬಲಗೈಯನ್ನು ನೀವಿಕೊಳ್ಳುತ್ತ ಕೂರುತ್ತಿದ್ದಳು. ರೊಟ್ಟಿ ಬಡಿಯುವ ಪಾಳಿ ನನಗೆ ಬಂತು. ನನ್ನ ರೊಟ್ಟಿಯನ್ನು ಬೆಳಕಿಗೆ ಹಿಡಿದು, "ಇದ್ಯಾವ ದೇಶದ ನಕಾಶೆನವ್ವಾ?" ಎಂದು ಕೇಳುತ್ತಿದ್ದಳು. ಕೈ ಹೇಗಿದೆ ಎಂದು ಯಾರು ಕೇಳಿದರೂ, "ಆರಾಮ ಆಗಾಕತ್ತೈತಿ" ಎನ್ನುತ್ತಿದ್ದಳು. ನನಗೂ ಅದೇ ಉತ್ತರ.

ಅಷ್ಟರಲ್ಲಿ ವಿಮೆಯವರು ಕೊಡುತ್ತಿದ್ದ ರಜೆಯ ದುಡ್ಡು ನಿಂತಿತ್ತು. ಅದಕ್ಕೆ ವಿಮೆಯ ಡಿಸ್ಪೆನ್ಸರಿಯ ಡಾಕ್ಟರು ಸರ್ಟಿಫಿಕೇಟ್ ಕೊಡಬೇಕು. ಕೇಳಲು ಹೋದರೆ, "ನಮ್ಮ ಟ್ರೀಟ್‌ಮೆಂಟ್ ಬಿಟ್ಟು ಹೋದವರಿಗೆ ನಾನು ಏನಂತ ಬರ್ಕೊಡ್ಲಮ್ಮ?" ಎಂದರು. ಒಂದು ಕೈಯವಳಿಗೆ ಕೊಡುವ ಕೆಲಸ ತಮ್ಮಲ್ಲಿಲ್ಲ ಎಂದಿತು ಕಂಪನಿ. ಉಳಿದ ದಾರಿ ಒಂದೇ. ಕೆಲಸದಲ್ಲಿ ಪೆಟ್ಟಾಗಿ ಶಾಶ್ವತವಾಗಿ ಅಂಗ ಊನವಾದವರಿಗೆ ವಿಮೆಯಿಂದ ಸಾಯುವವರೆಗೆ ಪಿಂಚಣಿ ಬರುತ್ತದೆ. ಎಷ್ಟು ಊನ ಎಂದು ಡಾಕ್ಟರುಗಳ ಮಂಡಲಿ ನೋಡಿ ಹೇಳಬೇಕು. ನಮ್ಮ ಯೂನಿಯನ್ನಿನ ಹಿರಿಯರೊಬ್ಬರು ಓಡಾಡಿ ಅರ್ಜಿ ಹಾಕಿಸಿದರು. ಕೋಣೆಯ ಬಾಡಿಗೆಗೂ ಜೋಳಕ್ಕೂ ಸಾಲುವಷ್ಟು ಬರುತ್ತದೆ ಎಂದು ಅವರು ಹೇಳಿದಾಗ ಅಕ್ಕನ ಮುಖ ಎಷ್ಟೋ ತಿಂಗಳ ಮೇಲೆ ಸಡಿಲವಾಯಿತು.

"ನೋಡಮ್ಮ, ಅಲ್ಲೋಗಿ ವಾಸಿ ಆಗಿದೆ ಅಂತ ಮಾತ್ರ ಅನ್ಬೇಡ. ಬೆರಳು ಬಿಚ್ಚಕ್ಕಾಗಲ್ಲ, ನೋವಿದೆ, ಕೆಲ್ಸ ಮಾಡಕ್ಕಾಗಲ್ಲ. ಇರೋದನ್ನ ಇದ್ದಂಗೆ ಹೇಳು ಸಾಕು" ಎಂದು ಅವರು ಮೂರು ಸಲ ಹೇಳಿಕೊಟ್ಟರು. ಅಕ್ಕ ಮೂರು ಸಲವೂ ತಲೆಯಾಡಿಸಿದಳು.

ಮಂಡಲಿಯಲ್ಲಿ ಮೂವರು ಡಾಕ್ಟರುಗಳಿದ್ದರು. ಅವಳ ಭಾಷೆ ತಿಳಿಯದಿದ್ದರೆ ಎಂದು ನನ್ನನ್ನೂ ಒಳಗೆ ಬಿಟ್ಟರು. ನಡುವಿನ ಹಿರಿಯರು ಕುರ್ಚಿ ತೋರಿಸಿ, "ಕೂತ್ಕೊಳ್ಳಮ್ಮ. ಹೇಗಿದೆ ಕೈ?" ಎಂದರು. ಮಾತಿನಲ್ಲಿ ಗದರಿಕೆಯಿರಲಿಲ್ಲ.

ಅಕ್ಕ ಸೆರಗು ಎಳೆದುಕೊಂಡಳು. "ಆರಾಮ ಆಗಾಕತ್ತೈತ್ರಿ."

ನಾನು ಅವಳ ಸೆರಗನ್ನು ಹಿಂದಿನಿಂದ ಜಗ್ಗಿದೆ.

"ವಾಸಿ ಆಗ್ತಿದೆ ಅಂತೀರಾ?"

"ಹೌದ್ರಿ. ದಿನದಿಂದ ದಿನಕ್ಕ ಚಲೋ ಐತ್ರಿ."

"ಇಲ್ಲ ಸಾರ್, ಬೆರಳು ಬಿಚ್ಚೋಕೇ ಆಗಲ್ಲ ಸಾರ್" ಎಂದು ನಾನು ನಡುವೆ ಬಾಯಿ ಹಾಕಿದೆ.

"ನೀವು ಸುಮ್ನಿರಿ, ಅವರು ಹೇಳ್ಲಿ." ಅವಳ ಕಡೆ ತಿರುಗಿ, "ಎಲ್ಲಿ, ಮುಷ್ಟಿ ಹಿಡೀರಿ" ಎಂದರು. ಅವಳ ಕೈ ಇದ್ದದ್ದೇ ಮುಷ್ಟಿಯಾಗಿ! ಹಾಗೇ ಎತ್ತಿ ತೋರಿಸಿದಳು. ಅವರು ಬೆರಳುಗಳನ್ನು ಹಿಡಿದು ಹಿಂದಕ್ಕೆ ಎಳೆದಾಗ ಅಕ್ಕನ ಕಣ್ಣು ತುಂಬಿ ಬಂತು. "ನೋವಾಯ್ತಾ?" "ಇಲ್ರಿ." "ಆಪರೇಷನ್ ಬೇಡ ಅಂತ ಬಿಟ್ಟು ಹೋದೋರು ನೀವೇನಾ?" "ಹೌದ್ರಿ. ಅಜ್ಜಾರ ಕಡೆ ಕಟ್ಟು ಕಟ್ಟಿಸೇನ್ರಿ."

ಹಿರಿಯರು ಪೆನ್ನನ್ನು ಕೆಳಗಿಟ್ಟರು. ಅವರೂ ಅವಳಿಗೊಂದು ದಾರಿ ಬಿಟ್ಟುಕೊಡಲು ನೋಡುತ್ತಿದ್ದಾರೆ ಎಂದು ನನಗೆ ಅನ್ನಿಸಿತು. "ಯೋಚನೆ ಮಾಡಿ ಹೇಳಮ್ಮ. ಮುಂದೆ ಈ ಕೈ ಸರಿಹೋಗುತ್ತೆ ಅಂತೀಯಾ?"

"ಹೋಗತೈತ್ರಿ. ಎಣ್ಣಿ ಹಚ್ಚಾಕತ್ತೇನಿ."

ಅವರು ಬರೆದುಕೊಂಡರು.

ಹೊರಗೆ ಬಂದು ಗೇಟಿನ ಹತ್ತಿರವೇ ನಾನು ಅವಳ ಮೇಲೆ ಹರಿಹಾಯ್ದೆ. "ಬಾಯಿದ್ದವಳು ಬದುಕ್ತಾಳೆ ಅಂತ ನಂಗೆ ಪಾಠ ಹೇಳ್ದೆಯಲ್ಲ, ನಿನ್ನ ಬಾಯಿಗೇನಾಗಿತ್ತು? ಆ ಅಜ್ಜ ಬಂದು ಬಾಡಿಗೆ ಕಟ್ತಾನಾ?" ದಾರಿಹೋಕರು ನಿಂತು ನೋಡುವಷ್ಟು ಕೂಗಾಡಿದೆ. ನಾನು ಸುಸ್ತಾಗುವವರೆಗೂ ಅಕ್ಕ ಕಾದಳು.

"ಪಿಂಚಣಿ ಬೇಕಂದ್ರ ಈ ಕೈ ಸಾಯೂತನಾ ಬರೂದಿಲ್ಲ ಅಂತ ನನ್ನ ಬಾಯಿಲೆ ಹೇಳಬೇಕು, ಹೌದಲ್ಲೋ? ಅದನ್ನ ನಾನಽ ಹೆಂಗ ಅನ್ಲಿ? ಅಂದ್ನಿ ಅಂದ್ರ ಬರೂದು ಸೈತ ಬರೂದಿಲ್ಲ. ನಂಗ ಕೈ ಬೇಕವ್ವಾ. ಕೈ ಬಂದ್ರ ದುಡೀತೇನಿ."

ನನಗೆ ಸಿಟ್ಟು ಇಳಿಯಲಿಲ್ಲ. ಎರಡು ದಿನ ಮಾತು ಬಿಟ್ಟೆ.

ಮಂಡಲಿಯ ತೀರ್ಮಾನ ಬಂದಾಗ ಯೂನಿಯನ್ ಹಿರಿಯರು ಅದನ್ನು ಓದಿ ಕನ್ನಡಕ ತೆಗೆದರು. ಕೈ ಗುಣವಾಗುತ್ತಿದೆಯೆಂದು ಆಕೆಯೇ ಹೇಳಿರುವುದರಿಂದ ಇದು ಶಾಶ್ವತ ಊನವಲ್ಲ. ಹಾಗೊಂದು ವೇಳೆ ಬಿಗಿತ ಉಳಿದರೂ ಅದು ಹೇಳಿದ ಚಿಕಿತ್ಸೆ ಬಿಟ್ಟು ನಾಟಿ ಕಟ್ಟು ಕಟ್ಟಿಸಿದ್ದರ ಫಲ, ಕಾರ್ಖಾನೆಯ ಪೆಟ್ಟಿನದಲ್ಲ. "ವಾಸಿ ಆಗಿದ್ರೆ ಪಿಂಚಣಿ ಯಾಕೆ ಅಂತಾರೆ, ಆಗದಿದ್ರೆ ಅಜ್ಜನ್ನ ಕೇಳು ಅಂತಾರೆ. ಎರಡೂ ಬಾಗಿಲು ಹಾಕ್ಬಿಟ್ರು ಕಣಮ್ಮ" ಎಂದರು ಅವರು. ಅತ್ತ ದರಿ, ಇತ್ತ ಪುಲಿ.

ಹಿರಿಯರು ಹಾಕಿಸಿದ ಮೇಲ್ಮನವಿಗೆ ಅಜ್ಜ ಏನು ಚಿಕಿತ್ಸೆ ಕೊಟ್ಟನೆಂದು ಬರೆದುಕೊಟ್ಟರೆ ಸಹಾಯವಾದೀತು ಎಂದು ನಾನೊಬ್ಬಳೇ ಅಲ್ಲಿಗೆ ಹೋದೆ. "ಔಸ್ತಿ ವಿಷ್ಯ ನಮ್ಮಪ್ಪ ಬರೀನಿಲ್ಲ, ನಾನೂ ಬರಿಯಾಕಿಲ್ಲ. ಮೂಳೆ ಕೂಡೈತಲ್ಲ, ಇನ್ನೇನಾಗ್ಬೇಕು?" ಎಂದ. ಅವನ ದನಿಯಲ್ಲಿ ಮೋಸವಿರಲಿಲ್ಲ. ಮೂಳೆ ಕೂಡಿದ್ದು ನಿಜ, ಅವನಿಗೆ ಅಷ್ಟು ಸಾಕು. ಮೇಲ್ಮನವಿ ಒಂದು ದಿನಾಂಕದಿಂದ ಇನ್ನೊಂದಕ್ಕೆ ಜಾರುತ್ತಾ ಹೋಯಿತು. ಅಷ್ಟರಲ್ಲಿ ಯೂನಿಯನ್ನೇ ಎರಡು ಹೋಳಾಗಿ, ಹಿರಿಯರು ಕೆಲಸ ಬಿಟ್ಟರು. ಆಮೇಲೆ ಅದನ್ನು ಕೇಳುವವರಿಲ್ಲ.

ನನ್ನೊಬ್ಬಳ ಸಂಬಳದಲ್ಲಿ ನಾವಿಬ್ಬರೂ ಇರಬಹುದಿತ್ತು. ನಾನು ಹಾಗೆಂದು ಜಗಳವಾಡಿದೆ, ಅತ್ತೆ, ಊಟ ಬಿಟ್ಟೆ. "ತಮ್ಮನ ಋಣಾ ಆದ್ರ ಒಂದು ರಕ್ತದ್ದು. ನಿನ್ನ ಮ್ಯಾಲ ಹೊರಿ ಆಗಿ ಕುಂಡ್ರಲಾರೆ. ಕೈ ಬಂದ ಮ್ಯಾಲ ಬರ್ತೇನಿ" ಎಂದು ಟ್ರಂಕು ಕಟ್ಟಿದಳು. ಬೀಗದ ಕೈಯನ್ನು ನನಗೆ ಕೊಟ್ಟು ಯಶವಂತಪುರದಲ್ಲಿ ಬಸ್ಸು ಹತ್ತಿದಳು. ಯಾರ ಬಾಗಿಲಲ್ಲಿ ನಿಲ್ಲುವುದಿಲ್ಲ ಎಂದಿದ್ದಳೋ ಅದೇ ಬಾಗಿಲಿಗೆ ಹೋದಳು.

ಅವಳು ಸತ್ತ ಸುದ್ದಿ ತಮ್ಮನ ಕಾರ್ಡಿನಲ್ಲಿ ಬಂದಾಗ ಮಣ್ಣಾಗಿ ಹದಿನೈದು ದಿನವಾಗಿತ್ತು. ಜ್ವರ ಬಂದಿತ್ತಂತೆ, ಆಸ್ಪತ್ರೆ ಬೇಡವೆಂದಳಂತೆ. ನಾನು ಈವತ್ತು ತಲೆಯೆತ್ತಿ ಮಾತಾಡುವುದು, ಒಂದು ಮನೆ, ಒಂದು ಕೆಲಸ ಎಂದು ನಿಂತಿರುವುದು ಅವಳು ಆ ದಿನ ನಲ್ಲಿಯ ಹತ್ತಿರ ನನ್ನನ್ನು ಕರೆದಿದ್ದರಿಂದ. ನನ್ನಿಂದ ಅವಳಿಗೆ ತಿರುಗಿ ಏನೂ ಮಾಡಲಾಗಲಿಲ್ಲ.

ಸಾಯುವ ಹಿಂದಿನ ವರ್ಷ ಒಮ್ಮೆ ಅವಳ ಊರಿಗೆ ಹೋಗಿದ್ದೆ. ಪಡಸಾಲೆಯ ಮೂಲೆಯಲ್ಲಿ ಕೂತು ಎಡಗೈಯಲ್ಲಿ ಶೇಂಗಾ ಬಿಡಿಸುತ್ತಿದ್ದಳು. ತಮ್ಮನ ಹೆಂಡತಿ ಒಳಗಿನಿಂದ ಕೂಗಿದಾಗಲೆಲ್ಲ ಎದ್ದು ಹೋಗುತ್ತಿದ್ದಳು. ಸಂಜೆ ನನ್ನನ್ನು ಬಸ್ಸಿಗೆ ಬಿಡಲು ರಸ್ತೆಯವರೆಗೆ ಬಂದಳು. ಬೇವಿನ ಮರದ ಕೆಳಗೆ ಇಬ್ಬರೇ ನಿಂತಿದ್ದೆವು. ಕೈ ಹೇಗಿದೆ ಎಂದು ನಾನು ಕೇಳಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ.

"ಎಣ್ಣಿ ಹಚ್ಚೂದು ಬಿಟ್ಟೇನಿ" ಎಂದಳು ಅವಳೇ. ಸೆರಗಿನೊಳಗಿಂದ ಬಲಗೈ ತೆಗೆದು ನೋಡಿಕೊಂಡಳು. "ಕೈ ಆರಾಮ ಆಗ್ಲಿಲ್ಲ ನೋಡವ್ವಾ."

ಆ ಮಾತನ್ನು ಅವಳ ಬಾಯಿಂದ ಹೊರಡಿಸಲು ಒಂದು ಕಾಲದಲ್ಲಿ ಬೀದಿಯಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಾಡಿದವಳು ನಾನು. ಈಗ ನಾನೇ ಅವಳ ಬಾಯಿ ಮುಚ್ಚಿಸಲು ಹೋದೆ. "ಹಾಗನ್ಬೇಡಕ್ಕಾ. ಆಗುತ್ತೆ. ದಿನಾ ಎಣ್ಣೆ ಹಚ್ಚು, ಆಗುತ್ತೆ" ಎಂದೆ.

ಅಕ್ಕ ನನ್ನ ಮುಖವನ್ನೇ ನೋಡಿದಳು. "ಬಸ್ ಬಂತು. ಹತ್ತು" ಎಂದಳು.