ಎರಡನೇ ಕ್ಲಾಸು ಓಣಿ ಅಳೆದದ್ದು

ನ್ಯಾಮತಿ ಹತ್ತಿರದ ಒಂದು ಊರಿನ ಸರ್ಕಾರಿ ಶಾಲೆಯಲ್ಲಿ ನಾನು ಒಂದರಿಂದ ಮೂರನೇ ಕ್ಲಾಸಿನವರೆಗೆ ಪಾಠ ಮಾಡುತ್ತೇನೆ. ಹೊನ್ನಾಳಿಯಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಹಿಂದೆ ಜಗಳೂರು ಕಡೆ ಇದ್ದಾಗ ಮಗ್ಗಿ ಬಾಯಿಪಾಠ ಮಾಡಿಸಿಯೇ ಎಂಟು ವರ್ಷ ಕಳೆದವಳು. ಈಗ ಹಾಗಿಲ್ಲ. ಗಣಿತವನ್ನು ಮಕ್ಕಳು ಕೈಯಾರೆ ಮಾಡಿ ಕಲಿಯಬೇಕು ಎಂದು ತರಬೇತಿಯಲ್ಲಿ ಹೇಳಿದ್ದಾರೆ. ಮಾಡಿದ್ದಕ್ಕೆ ಫೋಟೊ ಕಳಿಸಬೇಕು ಎಂದೂ ಹೇಳಿದ್ದಾರೆ. ಎರಡರಲ್ಲಿ ಯಾವುದು ಮುಖ್ಯ ಎಂದು ಯಾರೂ ಹೇಳಿಲ್ಲ, ಆದರೆ ಫೋಟೊ ಹೋಗದಿದ್ದರೆ ಮಾತ್ರ ಫೋನು ಬರುತ್ತದೆ.

ಇದಕ್ಕೆಂದೇ ಶಾಲೆಗೆ ಒಂದು ಗಣಿತದ ಪೆಟ್ಟಿಗೆ ಬಂದಿತ್ತು. ಮಣಿಸರ, ಮುಳ್ಳು ತಿರುಗಿಸುವ ಗಡಿಯಾರ, ಅಳತೆಯ ಟೇಪು, ಇನ್ನೂ ಏನೇನೋ. ನಮ್ಮ ಹೆಡ್‌ಮಾಸ್ಟರು ಚನ್ನಗಿರಿ ಕಡೆಯವರು, ಒಳ್ಳೆಯ ಮನುಷ್ಯ. ಹಿಂದಿನ ಶಾಲೆಯಲ್ಲಿ ಇಂಥದೇ ಗಡಿಯಾರದ ಒಂದು ಮುಳ್ಳು ಕಾಣೆಯಾಗಿ ಮೂರು ಸಲ ವಿವರಣೆ ಬರೆದುಕೊಟ್ಟಿದ್ದರು. ಹಾಗಾಗಿ ಪೆಟ್ಟಿಗೆ ಬಂದ ದಿನವೇ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

"ಅಳತೆ ಪಾಠ ಐತೆ ಸರ್, ಟೇಪು ಬೇಕಿತ್ತು," ಎಂದೆ.

"ಮಕ್ಕಳ ಕೈಗೆ ಕೊಟ್ರೆ ಉಳೀತೈತಾ ಮೇಡಂ? ಪಾದದಾಗೆ ಅಳೆಸ್ರಿ. ಪಾದಕ್ಕೆ ಸ್ಟಾಕ್ ರಿಜಿಸ್ಟರ್ ಇಲ್ಲ."

ಪುಸ್ತಕದಲ್ಲೂ ಮೊದಲು ಗೇಣು, ಪಾದ, ಆಮೇಲೆ ಮೀಟರು. ಎರಡನೇ ಕ್ಲಾಸಿನ ಹನ್ನೊಂದು ಮಕ್ಕಳೂ ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತ ವರಾಂಡ ಅಳೆದರು. ಮನೆ ಹತ್ತಿರ ಯಾವುದಾದರೂ ಎರಡು ಜಾಗ ಅಳೆದು, ಯಾವುದು ಎಷ್ಟು ಹೆಚ್ಚು ಎಂದು ಬರೆದು ತನ್ನಿ ಎಂದು ಹೇಳಿ ಕಳಿಸಿದೆ.

ಮರುದಿನ ಬಸ್ಸಿಳಿದು ಬಂದಾಗ ಗೇಟಿನ ಹತ್ತಿರ ಇಬ್ಬರು ನಿಂತಿದ್ದರು. ಒಬ್ಬರು ಆ ಕ್ಲಾಸಿನ ಒಬ್ಬ ಹುಡುಗಿಯ ತಾತ. ಇನ್ನೊಬ್ಬರು ಅವರ ಎದುರು ಮನೆಯವರು. ತಾತನ ಕೈಯಲ್ಲಿ ಮೊಮ್ಮಗಳ ಗಣಿತದ ನೋಟ್‌ಬುಕ್ಕು ಜಮೀನಿನ ಪತ್ರದ ಹಾಗೆ ಮಡಚಿಕೊಂಡು ಕೂತಿತ್ತು.

ಆದದ್ದು ಇಷ್ಟು. ಎರಡು ಮನೆಗಳ ನಡುವೆ ಗುರುತಿಗೆಂದು ಒಂದು ಕಲ್ಲು ನೆಟ್ಟಿದ್ದರು. ಕಲ್ಲಿನ ಆಚೆ ಅವರದು, ಈಚೆ ಇವರದು, ಎರಡೂ ಸಮಸಮ ಎಂದು ಎಲ್ಲರೂ ನಂಬಿದ್ದರು. ಹುಡುಗಿ ಕಲ್ಲಿನಿಂದ ಎರಡೂ ಗೋಡೆಗಳವರೆಗೆ ಅಳೆದು ಬರೆದಿದ್ದಳು: ನಮ್ಮ ಕಡೆ 14. ಅವರ ಕಡೆ 19. ಅವರ ಕಡೆ 5 ಹೆಚ್ಚು. ಕಳೆಯುವ ಲೆಕ್ಕವನ್ನು ಅಷ್ಟು ಅಚ್ಚುಕಟ್ಟಾಗಿ ಆ ಕ್ಲಾಸಿನಲ್ಲಿ ಯಾರೂ ಬರೆದಿರಲಿಲ್ಲ.

"ಅಕ್ಕೋರೆ, ನೀವೇ ಬರೆಸೀರಿ, ಐದು ಪಾದ ಹೆಚ್ಚು ಐತೆ ಅಂತ. ಈಗ ಇವ್ರಿಗೂ ಹೇಳ್ರಿ," ಎಂದರು ತಾತ.

ಎದುರು ಮನೆಯವರು ಚಪ್ಪಲಿ ಕಾಲು ಮುಂದಿಟ್ಟರು. "ನಾನೂ ಅಳೆದೀನಿ ಮೇಡಂ. ಮೂರೇ ಹೆಚ್ಚು ಐತೆ."

"ನೋಡ್ರಿ ಮತ್ತೆ, ಬೆಳಗಾಗೋದ್ರೊಳಗೆ ಎರಡು ನುಂಗಿದ್ರು."

ನನಗೆ ಒಳಗೊಳಗೇ ಖುಷಿ. ಪಾದ ದೊಡ್ಡದಾದಷ್ಟೂ ಎಣಿಕೆ ಕಡಿಮೆಯಾಗುತ್ತದೆ, ಅದಕ್ಕೇ ಎಲ್ಲರಿಗೂ ಒಂದೇ ಅಳತೆ ಬೇಕು. ಗುರುವಾರಕ್ಕೆಂದು ನಾನು ಇಟ್ಟುಕೊಂಡಿದ್ದ ಪಾಠ ತಾನಾಗಿಯೇ ಗೇಟಿಗೆ ಬಂದಿತ್ತು. ಹುಡುಗಿಯನ್ನು ಒಳಗಿನಿಂದ ಕರೆದು, ಅವಳ ಪಾದವನ್ನು ಆ ಚಪ್ಪಲಿಯ ಪಕ್ಕ ಇಡಿಸಿ ತೋರಿಸಿದೆ. ಹುಡುಗಿಗೆ ಕೂಡಲೇ ತಿಳಿಯಿತು. ದೊಡ್ಡವರಿಗೆ ತಿಳಿಯಲಿಲ್ಲ.

ದನಿ ಏರಿದ್ದು ಕೇಳಿ ಹೆಡ್‌ಮಾಸ್ಟರು ಹೊರಗೆ ಬಂದರು. ಶಾಲೆಯೂ ಜಾಗದ ಜಗಳದಲ್ಲಿ ಸಿಕ್ಕಿಕೊಂಡಿತೆಂದು ಗಾಬರಿಯಾಗಿ ಪಂಚಾಯ್ತಿ ಕಾರ್ಯದರ್ಶಿಗೆ ಫೋನು ಮಾಡಿದರು. ಆಮೇಲೆ ಬೀರುವಿನ ಬೀಗ ತೆಗೆದು, ಪ್ಲಾಸ್ಟಿಕ್ ಕವರು ಹರಿಯದ ಹಾಗೆ ಟೇಪು ಹೊರತೆಗೆದರು. ನಾವೆಲ್ಲ ಓಣಿಗೆ ಹೋದೆವು, ಹಿಂದೆ ಹನ್ನೊಂದು ಮಕ್ಕಳು. ಕಾರ್ಯದರ್ಶಿ ಕಾಗದದ ಕಟ್ಟು ಹಿಡಿದು ಬೈಕಿನಲ್ಲಿ ಬಂದರು. ಟೇಪಿನ ಒಂದು ತುದಿ ತಾತ ಹಿಡಿದರು, ಇನ್ನೊಂದು ಎದುರು ಮನೆಯವರು. "ಫೋಟೊ ತಗೊಳ್ರಿ ಮೇಡಂ," ಎಂದು ಹೆಡ್‌ಮಾಸ್ಟರು ಪಿಸುಗುಟ್ಟಿದರು.

ಎರಡು ಮೂರು ಸಲ ಟೇಪು ಸರಿಸಿ ಅಳೆದಾಗ ಗೋಡೆಯಿಂದ ಗೋಡೆಗೆ ಹತ್ತೊಂಬತ್ತೂವರೆ ಅಡಿ ಬಂತು. ಕಾರ್ಯದರ್ಶಿ ಕಾಗದ ತಿರುವಿದರು.

"ಈ ಜಾಗ ನಿಮ್ದೂ ಅಲ್ಲ, ಅವರ್ದೂ ಅಲ್ಲ. ಇದು ಪಂಚಾಯ್ತಿ ಓಣಿ. ಇಪ್ಪತ್ನಾಕು ಅಡಿ ಇರಬೇಕು. ಉಳಿದ ನಾಕೂವರೆ ಎಲ್ಲೈತೆ?"

ತಾತ ಟೇಪಿನ ತುದಿ ಬಿಟ್ಟುಬಿಟ್ಟರು.

"ಬಿಸಿಲಾಗೆ ಯಾಕೆ ನಿಂತೀರಿ ಸರ್, ಚಾ ಕುಡಿಯಾಕೆ ಬರ್ರಿ," ಎಂದರು ಎದುರು ಮನೆಯವರು.

"ನಮ್ಮನೇಗೆ ಬರ್ರಿ, ಹಾಲು ಈಗಷ್ಟೇ ಕರೆದೀವಿ. ನೀನೂ ಬಾರಪ್ಪ," ಎಂದರು ತಾತ, ಅವರ ಹೆಗಲ ಮೇಲೆ ಕೈಯಿಟ್ಟು. ಒಂದು ಲೋಟ ಚಾ ಮುಗಿಯುವಷ್ಟರಲ್ಲಿ ಅವರಿಬ್ಬರೂ ಮೂರು ತಲೆಮಾರಿನ ಅಣ್ಣತಮ್ಮಂದಿರಾಗಿದ್ದರು. ಓಣಿಯ ಉದ್ದಕ್ಕೂ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಶಾಲಾ ಸಮಿತಿಯ ಅಧ್ಯಕ್ಷರು ಓಣಿಗೆ ಚಾಚಿದ್ದ ತಮ್ಮ ಮನೆಯ ಹೊಸ ಮೆಟ್ಟಿಲ ಮೇಲೆ ನಿಂತುಕೊಂಡೇ, ತಾವು ನಲ್ಲೂರಿಗೆ ಹೋಗಿರುವುದಾಗಿ ಹೇಳಿಕಳಿಸಿದರು. ಇನ್ನೊಂದು ದಿನ ಬರುತ್ತೇನೆ ಎಂದು ಕಾರ್ಯದರ್ಶಿ ಬೈಕು ಹತ್ತಿದರು.

ಶನಿವಾರ ಸಮಿತಿಯ ಸಭೆ ಸೇರಿತು. ನನ್ನನ್ನು ಕರೆಸಿದರು. "ಮಗ್ಗಿ ಕಲಿಸ್ರಿ ಮೇಡಂ, ಸಾಕು. ಊರು ಅಳೆಯಾಕೆ ಮಕ್ಕಳನ್ನ ಯಾಕೆ ಕಳಿಸ್ತೀರಿ?" ಎಂದರು ಅಧ್ಯಕ್ಷರು. ಇನ್ನು ಮುಂದೆ ಅಳತೆಯನ್ನು ತರಗತಿ ಕೋಣೆಯೊಳಗೇ ಮಾಡಿಸತಕ್ಕದ್ದು ಎಂದು ಠರಾವಾಯಿತು. ಸೋಮವಾರ ಆ ಹುಡುಗಿ ತಂದ ನೋಟ್‌ಬುಕ್ಕಿನಲ್ಲಿ ಆ ಪುಟ ರಬ್ಬರು ಉಜ್ಜಿ ಉಜ್ಜಿ ತೆಳ್ಳಗಾಗಿತ್ತು.

"ತಾತ ಅಳಿಸು ಅಂದ್ರು ಮಿಸ್. ಲೆಕ್ಕ ತಪ್ಪೈತಾ?"

"ತಪ್ಪಿಲ್ಲ," ಎಂದೆ. ಉಳಿದ ಗುರುತಿನ ಮೇಲೆಯೇ ಕೆಂಪು ಪೆನ್ನಿನಲ್ಲಿ ಸರಿ ಹಾಕಿದೆ. ಸಭೆಯಲ್ಲಿ ಬಾಯಿ ಬಿಡದವಳು ಇಷ್ಟಾದರೂ ಮಾಡಿದೆನಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಫೋಟೊ ಮಾತ್ರ ಬಹಳ ಚೆನ್ನಾಗಿ ಬಂದಿತ್ತು. ಇಬ್ಬರು ಹಿರಿಯರು ಟೇಪು ಹಿಡಿದಿದ್ದಾರೆ, ಸುತ್ತ ಮಕ್ಕಳು. ಸಮುದಾಯದ ಸಹಭಾಗಿತ್ವಕ್ಕೆ ಉತ್ತಮ ಮಾದರಿ ಎಂದು ತಾಲೂಕಿನ ಗ್ರೂಪಿನಲ್ಲಿ ಹೊಗಳಿಕೆ ಬಂತು. ಹೊನ್ನಾಳಿಯ ತರಬೇತಿಯಲ್ಲಿ ಹತ್ತು ನಿಮಿಷ ಮಾತಾಡಲು ನನ್ನನ್ನು ನಿಲ್ಲಿಸಿದರು. ಪಾದದಿಂದ ಅಡಿಗೆ ಮಕ್ಕಳು ಹೇಗೆ ಬಂದರೆಂದು ಹೇಳಿದೆ, ಓಣಿ ಎಷ್ಟು ಅಗಲವಿತ್ತೆಂದು ಹೇಳಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ನಾಚಿಕೆಯಾಯಿತು, ಆದರೂ ಪ್ರಶಸ್ತಿಪತ್ರ ಇಸಿದುಕೊಂಡೆ.

ಅಳತೆ ಮುಗಿದ ಮೇಲೆ ತೂಕದ ಪಾಠ. ಶುಕ್ರವಾರ ಸಂಜೆ ಬಸ್‌ಸ್ಟಾಪಿನ ಕಿರಾಣಿ ಅಂಗಡಿಯವರು ಯಾವತ್ತೂ ಇಲ್ಲದ ಹಾಗೆ ನನಗೆ ಕುರ್ಚಿ ಹಾಕಿದರು.

"ತೂಕ ಯಾವತ್ತಿಂದ ಮೇಡಂ?"

"ಸೋಮವಾರದಿಂದ."

"ಮಕ್ಕಳು ಏನು ತೂಗ್ತಾರೆ?"

"ಮನೇಲಿರೋ ಸಕ್ಕರೆ, ಬೇಳೆ ಪೊಟ್ಟಣ ತರಾಕೆ ಹೇಳೀನಿ."

ಅವರು ಸ್ವಲ್ಪ ಹೊತ್ತು ತಕ್ಕಡಿಯ ತಟ್ಟೆ ಒರೆಸಿದರು. "ಬೇಕಾದ್ರೆ ಒಂದು ಚೀಲ ಮರಳು ನಾನೇ ಕಳಿಸ್ತೀನಿ. ತೂಗಾಕೆ ಅದೇ ಚೊಲೋ."

"ಬ್ಯಾಡ ರೀ," ಎಂದೆ. ಅಷ್ಟರಲ್ಲಿ ಹೊನ್ನಾಳಿ ಬಸ್ಸು ಬಂತು, ಹತ್ತಿದೆ.