ಕಬಡ್ಡಿಯಲ್ಲಿ ಕಾಲು ತಾಗಿದರೆ

ಯಾರಿಗಾದರೂ ಕಾಲು ತಾಗಿದರೆ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ನನಗೆ ಇರಲಾಗುವುದಿಲ್ಲ. ಇದು ಯಾವ ಶಾಸ್ತ್ರದಲ್ಲಿದೆ ಎಂದು ಕೇಳಬೇಡಿ. ನನಗೆ ಅಜ್ಜಿ ಹೇಳಿದ್ದು, ಅಜ್ಜಿಗೆ ಅವಳ ಅಜ್ಜಿ. ಅಷ್ಟು ಹಿಂದಕ್ಕೆ ಹೋದಮೇಲೆ ಶಾಸ್ತ್ರಕಾರರೂ ಯಾರದೋ ಮೊಮ್ಮಕ್ಕಳೇ. ಪೀಣ್ಯದಲ್ಲಿ ಶಿಫ್ಟು ಬಿಡುವ ಹೊತ್ತಿಗೆ ಬಸ್ಸು ಹತ್ತಿ ನೋಡಿ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಟಿಫನ್ ಕ್ಯಾರಿಯರ್ ಇರುವವರೂ ಪಕ್ಕದವರ ಪಾದ ತುಳಿದರೆ ಹೇಗೋ ಒಂದು ಬೆರಳು ಬಿಡಿಸಿಕೊಂಡು ಅವರ ತೋಳು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ತುಳಿಸಿಕೊಂಡವರೂ "ಅಯ್ಯೋ, ಇರ್ಲಿ ಬಿಡಿ" ಎಂದು ತಮ್ಮ ಎದೆ ಮುಟ್ಟಿಕೊಳ್ಳುತ್ತಾರೆ.

ನಾನು ಜಾಲಹಳ್ಳಿಯ ಒಂದು ಶಾಲೆಯಲ್ಲಿ ಕನ್ನಡ ಮೇಡಂ. ವಿದ್ಯಾರ್ಥಿ ವಿನಿಮಯದಲ್ಲಿ ಜರ್ಮನಿಯಿಂದ ಹನ್ನಾ ಎಂಬ ಹುಡುಗಿ ನಮ್ಮಲ್ಲಿಗೆ ಬಂದಾಗ, ಅವಳಿಗೆ ಈ ನಮಸ್ಕಾರವನ್ನು ಕಲಿಸಿದ್ದು ನಾನೇ. ಹುಡುಗಿ ಬಲು ಶ್ರದ್ಧಾವಂತೆ. ಬೆಂಚಿಗೆ ಕಾಲು ತಾಗಿದರೆ ಬೆಂಚಿಗೂ ನಮಸ್ಕಾರ! ಸ್ಟಾಫ್ ರೂಮಿನಲ್ಲಿ ನಾನು ಬೀಗಿದ್ದೇ ಬೀಗಿದ್ದು.

ಆದರೆ ಹನ್ನಾಳ ಸಂಕಟ ಬೇರೆ. ಎಲ್ಲರೂ ಅವಳನ್ನು ಗಾಜಿನ ಬಳೆಯಂತೆ ಜೋಪಾನ ಮಾಡುತ್ತಿದ್ದರೇ ಹೊರತು ಯಾರೂ ಅವಳೊಂದಿಗೆ ಜಗಳವಾಡುತ್ತಿರಲಿಲ್ಲ. ಊಟದ ಸಾಲಿನಲ್ಲಿ ಮುಂದೆ ಬಿಡುವರು, ಆಟದಲ್ಲಿ ಬೇಕೆಂದೇ ಸೋಲುವರು. "ಮೇಡಂ, ನಾನು ಗೆಸ್ಟ್ ಬೇಡ. ನಾನೂ ಟೀಮ್," ಎಂದು ಒಂದು ದಿನ ನನ್ನೆದುರು ಕಣ್ಣು ತುಂಬಿಕೊಂಡಳು.

ಮಾಕಳಿಯ ಶಾಲೆಯೊಂದಿಗೆ ಹುಡುಗಿಯರ ಕಬಡ್ಡಿ ಪಂದ್ಯ ಹತ್ತಿರವಿತ್ತು. ಹನ್ನಾಳನ್ನೂ ಸೇರಿಸಿಕೊಳ್ಳುತ್ತೀಯಾ ಎಂದು ನಮ್ಮ ತಂಡದ ನಾಯಕಿ ರೇಣುಕಾಳನ್ನು ಕೇಳಿದೆ. ರಾಯಚೂರಿನ ಕಡೆಯವಳು, ಅಪ್ಪ ಅಮ್ಮ ಇಲ್ಲಿ ಕಟ್ಟಡ ಕೆಲಸಕ್ಕೆ ಬಂದವರು. ಯಾರ ಮುಲಾಜೂ ಇಟ್ಟುಕೊಂಡವಳಲ್ಲ. "ಆಡ್ಲಿ ಬಿಡ್ರಿ ಮೇಡಂ. ಆದ್ರ ನಾ ಬೈತೀನ್ರಿ," ಎಂದಳು.

ಬೈದಳು ಕೂಡ. ಕಬಡ್ಡಿಯಲ್ಲಿ ಕಾಲು ಎದುರಾಳಿಗೆ ತಾಗಿದರೆ ಗೆರೆಗೆ ಓಡಿ ಬರಬೇಕು, ಆಗಲೇ ಪಾಯಿಂಟು. ಅಭ್ಯಾಸದಲ್ಲಿ ಹನ್ನಾ ನಿಂತು, ಬಾಗಿ, ಕಣ್ಣಿಗೊತ್ತಿಕೊಂಡು, ಸಿಕ್ಕಿಬೀಳುತ್ತಿದ್ದಳು. "ಏ ಹುಚ್ಚಿ, ಆಟದಾಗ ಕಾಲು ಬಡದ್ರ ಪಾಪ ಬರಂಗಿಲ್ಲ, ಓಡಿ ಬಾ!" ಎಂದು ರೇಣುಕಾ ಕೂಗಿದಾಗೆಲ್ಲ ನಾನು ಹೊಂಗೆ ಮರದ ಹಿಂದೆ ಸರಿಯುತ್ತಿದ್ದೆ. ಸಂಸ್ಕೃತಿ ಕಲಿಸುವುದು ಸುಲಭ. ಯಾವಾಗ ಅದನ್ನು ಬದಿಗಿಡಬೇಕು ಎಂಬುದನ್ನು ಕಲಿಸಲು ರಾಯಚೂರಿನವರೇ ಬೇಕಾಯಿತು.

ಪಂದ್ಯದ ದಿನ ಅಂಕ ಸಮಸಮ ಬಂದು ಕೊನೆಯ ಸರದಿ ನಮ್ಮದಾಯಿತು. "ಹನ್ನಾ, ನೀ ಹೋಗು," ಎಂದಳು ರೇಣುಕಾ. ಹನ್ನಾ "ಕಬಡ್ಡಿ ಕಬಡ್ಡಿ" ಎನ್ನುತ್ತ ನುಗ್ಗಿದಳು. ಮಾಕಳಿಯವರು ಕೈಕೈ ಹಿಡಿದು ಸುತ್ತುವರಿದರು. ಅವರಲ್ಲೇ ಗಟ್ಟಿಗಿತ್ತಿ ಲತಾ, ಗೆರೆಯ ದಾರಿಗೆ ಅಡ್ಡ ಬಂದಳು. ಹನ್ನಾಳ ಕಾಲು ಅವಳ ಮೊಣಕಾಲಿಗೆ ಬಡಿಯಿತು. ಮುಂದೇನು? ನಮ್ಮ ಹುಡುಗಿ ಬಾಗಿಯೇಬಿಟ್ಟಳು! ಉಸಿರು ಬಿಡದೆ ಕಬಡ್ಡಿ ಕಬಡ್ಡಿ ಎನ್ನುತ್ತಲೇ ಲತಾಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮುಗಿಯಿತು ಕಥೆ ಎಂದು ನಾನು ಮುಖ ಮುಚ್ಚಿಕೊಂಡೆ.

ಬೆರಳ ಸಂದಿಯಿಂದ ನೋಡಿದರೆ, ಲತಾ ನಮ್ಮವರು ಮಾತ್ರ ಮಾಡಬಹುದಾದ ತಪ್ಪೊಂದನ್ನು ಮಾಡುತ್ತಿದ್ದಳು. "ಅಯ್ಯಯ್ಯೋ, ಇರ್ಲಿ ಬಿಡಕ್ಕ!" ಎಂದು ಅಕ್ಕಪಕ್ಕದವರ ಕೈ ಬಿಟ್ಟು ತನ್ನ ಎದೆ ಮುಟ್ಟಿಕೊಳ್ಳುತ್ತಿದ್ದಳು. ಸರಪಳಿ ಕಡಿಯಿತು. "ಓಡು, ಓಡು!" ಎಂದು ರೇಣುಕಾ ಚೀರಿದಳು. ಹನ್ನಾ ಆ ಸಂದಿನಲ್ಲಿ ತೂರಿ, ಮುಗ್ಗರಿಸಿ, ಬೆರಳ ತುದಿಯನ್ನು ಗೆರೆಗೆ ಮುಟ್ಟಿಸಿಯೇಬಿಟ್ಟಳು.

"ಇದು ಮೋಸ ಸಾರ್!" ಎಂದು ಮಾಕಳಿಯವರು ರೆಫರಿಯನ್ನು ಮುತ್ತಿದರು. "ನಮಸ್ಕಾರ ಮಾಡ್ಬಾರ್ದು ಅಂತ ರೂಲ್ ಇಲ್ಲಮ್ಮ," ಎಂದರು ಆ ಪುಣ್ಯಾತ್ಮ. ಗೆದ್ದೆವು! ವಯಸ್ಸು, ಸೀರೆ ಎರಡನ್ನೂ ಮರೆತು ನಾನು ಕುಣಿದೆ. ರೇಣುಕಾ ಮಾತ್ರ ಹನ್ನಾಳ ಬೆನ್ನಿಗೊಂದು ಗುದ್ದಿ, "ಎಷ್ಟ್ ಸಲ ಹೇಳ್ಬೇಕ ನಿನಗ!" ಎಂದು ಬೈಯುತ್ತಲೇ ಅವಳನ್ನು ತಬ್ಬಿಕೊಂಡಳು.

ಮಾಕಳಿಯವರ ವ್ಯಾನು ಹೊರಟಾಗ ಲತಾ ಕಿಟಕಿಯಿಂದ ತಲೆ ಹೊರಹಾಕಿದಳು. "ಏಯ್ ಹನ್ನಾ, ಮುಂದಿನ್ ಸಲ ಇಂಗೆಲ್ಲ ಬಿಡಾಕಿಲ್ಲ ಕಣೇ! ಕಾಲ್ ಇಡ್ಕಂಡು ಕೆಡವ್ತೀನಿ!"

ಅತಿಥಿಯನ್ನು ಯಾರೂ ಹೀಗೆ ಬೆದರಿಸುವುದಿಲ್ಲ. ಹನ್ನಾಳ ಮುಖ ಅರಳಿತು. ನಾನು ಹೇಳಿಕೊಟ್ಟ ಸಭ್ಯ ಕನ್ನಡದಲ್ಲಿ ಏನಾದರೂ ಉತ್ತರಿಸುತ್ತಾಳೆಂದು ಕಾದೆ. ಅವಳು ಸೊಂಟಕ್ಕೆ ಕೈ ಕೊಟ್ಟು, ಅಪ್ಪಟ ರಾಯಚೂರಿನ ಧಾಟಿಯಲ್ಲಿ, ಬೀದಿಯೆಲ್ಲ ಕೇಳುವಂತೆ ಕೂಗಿದಳು:

"ಬಾರಲೇ, ನೋಡೇ ಬಿಡೂಣು!"